ಸರ್ಫ್ ಅಂದರೆ ಬರೀ ಸೋಪಿನ ಪುಡಿಯಲ್ಲ!

(ಯುವ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಒಂದು ಇಂಗ್ಲಿಷ್ ಪದ ಹೇಳುತ್ತೇನೆ. ನಿಮ್ಮಲ್ಲಿ ಯಾರೂ ಅದನ್ನು ಕೇಳಿಲ್ಲ ಅನ್ನುವ ಹಾಗಿಲ್ಲ. ನಿಮ್ಮ ಅಜ್ಜಿ ಇಂಗ್ಲಿಷಿನ ಎ ಬಿ ಸಿ ಕಲಿಯದೇ ಇದ್ದರೂ ಈ ಪದವನ್ನು ದಿನಾ ಆಡುತ್ತಾರೆ. ಸರ್ಫ್.

ನಗಬೇಡಿ. ಕಿರಾಣಿ ಅಂಗಡಿಗೆ ಹೋಗಿ 'ಅರ್ಧ ಕೆ.ಜಿ. ಸರ್ಫ್ ಕೊಡಪ್ಪಾ' ಅಂತ ಕೇಳಿ ನೋಡಿ. ಅಂಗಡಿಯವನು ಏನಂತಾನೆ? 'ಯಾವ ಸರ್ಫ್ ಸಾರ್, ನಿರ್ಮಾನಾ, ರಿನ್ನಾ?' ಅಂತಾನೆ! ಒಂದು ಕಂಪನಿಯ ಪುಡಿಯ ಹೆಸರು ಎಲ್ಲ ಕಂಪನಿಯ ಪುಡಿಗಳಿಗೂ ಜಾತಿನಾಮ ಆಗಿಬಿಟ್ಟಿದೆ. 1959ರಲ್ಲಿ ಆಗಿನ ಹಿಂದೂಸ್ತಾನ್ ಲಿವರ್ ಕಂಪನಿ ಈ ಪುಡಿಯನ್ನು ಭಾರತಕ್ಕೆ ತಂದಿತು. ಆಮೇಲೆ ನಿರ್ಮಾ ಬಂತು, ಬೆಲೆಯ ಜಗಳ ಶುರುವಾಯಿತು, ಆ ಜಗಳದಲ್ಲೇ ಲಲಿತಾಜಿ ಎಂಬ ನೀಲಿ ಅಂಚಿನ ಬಿಳಿ ಸೀರೆಯ ಗೃಹಿಣಿ ದೂರದರ್ಶನಕ್ಕೆ ಬಂದು ಜಾಣತನದ ಪಾಠ ಹೇಳಿದಳು. ನಿಮ್ಮ ಅಪ್ಪ ಅಮ್ಮಂದಿರನ್ನು ಕೇಳಿ, ಇನ್ನೂ ನೆನಪಿದ್ದಾಳೆ.

ಈ ಪುಡಿಗೂ ಕಡಲಿಗೂ ಏನು ಸಂಬಂಧ? ಇಂಗ್ಲಿಷಿನಲ್ಲಿ ಸರ್ಫ್ ಅಂದರೆ ಅಲೆ. ಎಲ್ಲ ಅಲೆಯೂ ಅಲ್ಲ, ನಡುಗಡಲಿನಲ್ಲಿ ಏರಿಳಿಯುವ ಅಲೆ ಸರ್ಫ್ ಅಲ್ಲ. ದಂಡೆಯ ಹತ್ತಿರ ಬಂದು, ತಲೆ ಬಾಗಿಸಿ, ಮುರಿದು, ಬೆಳ್ಳಗೆ ನೊರೆಯಾಗಿ ಉರುಳುತ್ತದಲ್ಲ, ಆ ಒಡೆದ ಅಲೆಗಳ ಸಾಲು, ಅದರ ನೊರೆ, ಅದರ ಮೊರೆತ, ಎಲ್ಲ ಸೇರಿ ಸರ್ಫ್. ನೊರೆ ಅಲ್ಲೂ ಇದೆ, ಬಕೆಟ್ಟಿನಲ್ಲೂ ಇದೆ.

ಇದು ಒಂದನೇ ಅರ್ಥ. ಎರಡನೆಯದು, ಹಲಗೆಯ ಮೇಲೆ ನಿಂತು ಆ ಅಲೆಯ ಬೆನ್ನೇರಿ ಜಾರುವ ಆಟ. ಮೂರನೆಯದು ಟಿ.ವಿ.ಯದು. ರಿಮೋಟ್ ಹಿಡಿದು ಒಂದು ಚಾನೆಲ್‌ನಿಂದ ಇನ್ನೊಂದಕ್ಕೆ ಹಾರುತ್ತಾ, ಯಾವುದನ್ನೂ ನೋಡದೆ ಎಲ್ಲವನ್ನೂ ನೋಡುವ ಕೆಲಸಕ್ಕೆ 1980ರ ದಶಕದಲ್ಲಿ ಅಮೆರಿಕದವರು ಈ ಪದ ಅಂಟಿಸಿದರು. ನಾಲ್ಕನೆಯದು ನಿಮ್ಮದೇ, ನೆಟ್ ಸರ್ಫಿಂಗ್. 1992ರಲ್ಲಿ ಜೀನ್ ಆರ್ಮರ್ ಪಾಲಿ ಎಂಬ ಅಮೆರಿಕದ ಗ್ರಂಥಪಾಲಕಿ, ಇಂಟರ್‌ನೆಟ್ ಬಳಸುವುದು ಹೇಗೆ ಎಂದು ಸಾಮಾನ್ಯರಿಗೆ ತಿಳಿಸುವ ಒಂದು ಲೇಖನ ಬರೆದು ಅದರ ಹೆಸರಿನಲ್ಲೇ ಈ ಪದ ಇಟ್ಟರು. ಪದ ಜಗತ್ತನ್ನೆಲ್ಲ ಸುತ್ತಿತು. ನಮ್ಮೂರಿನ ಸೈಬರ್ ಕೆಫೆಗಳ ಬೋರ್ಡಿನ ಮೇಲೂ ಬಂದು ಕೂತಿತು, ಗಂಟೆಗೆ ಇಷ್ಟು ರೂಪಾಯಿ ಎಂಬ ದರದ ಸಮೇತ.

ಇಷ್ಟು ಅರ್ಥದ ಕಥೆ. ಈಗ ಹುಟ್ಟಿನ ಕಥೆಗೆ ಬನ್ನಿ, ಮಜಾ ಇರುವುದು ಅಲ್ಲಿ.

ಇಂಗ್ಲೆಂಡ್ ಇರುವುದು ದ್ವೀಪದ ಮೇಲೆ. ಆ ದ್ವೀಪದ ನಾಲ್ಕೂ ಕಡೆ ನೀರು. ದಂಡೆಗೆ ಬಂದು ಒಡೆಯುವ ಅಲೆಯನ್ನು ಆ ಜನ ಸಾವಿರಾರು ವರ್ಷಗಳಿಂದ ನೋಡಿಕೊಂಡೇ ಬಂದಿದ್ದಾರೆ. ಹೀಗಿರುವಾಗ ಸರ್ಫ್ ಎಂಬುದು ಅವರ ಹಳೇ ಪದವೇ ಆಗಿರಬೇಕಲ್ಲವೇ? ಅಲ್ಲ! ಇಂಗ್ಲಿಷ್ ಬರಹದಲ್ಲಿ ಇದು ಕಾಣಿಸಿಕೊಳ್ಳುವುದು 1680ರ ದಶಕದಲ್ಲಿ. ಅದಕ್ಕೂ ಮೊದಲು, 1590ರ ದಶಕದಲ್ಲಿ, 'ಸಫ್' ಎಂಬ ರೂಪ ಸಿಗುತ್ತದೆ. ರ ಕಾರ ಇಲ್ಲ. ಆಗ ಈಸ್ಟ್ ಇಂಡಿಯಾ ಕಂಪನಿಯೇ ಹುಟ್ಟಿರಲಿಲ್ಲ, ಅದು ಹುಟ್ಟಿದ್ದು 1600ರಲ್ಲಿ. ಮೇಲೇಳು ಎಂಬ ಅರ್ಥದ ಲ್ಯಾಟಿನ್ ಮೂಲದ 'ಸರ್ಜ್' ಎಂಬ ಇನ್ನೊಂದು ಪದ ಇದೆಯಲ್ಲ, ಅದರ ಸಹವಾಸದಿಂದ ಇದಕ್ಕೂ ರ ಕಾರ ಅಂಟಿರಬಹುದು ಎನ್ನುತ್ತಾರೆ ಪದ ಬಲ್ಲವರು.

ಈಗ ಕಿವಿ ನೆಟ್ಟಗೆ ಮಾಡಿ ಕೇಳಿ. ಸಫ್ ಆಗಲಿ, ಸರ್ಫ್ ಆಗಲಿ, ಇಂಗ್ಲಿಷರು ಮೊದಮೊದಲು ಬಳಸಿದ್ದು ತಮ್ಮ ದೇಶದ ದಂಡೆಯ ಬಗ್ಗೆ ಅಲ್ಲ. ಭಾರತದ ಕರಾವಳಿಯ ಬಗ್ಗೆ! ಆದ್ದರಿಂದ ಈ ಪದ ಭಾರತದ ಯಾವುದೋ ಭಾಷೆಯಿಂದ ಬಂದಿರಬಹುದು ಎಂದು ಇಂಗ್ಲಿಷಿನ ದೊಡ್ಡ ದೊಡ್ಡ ನಿಘಂಟುಗಳೇ ಹೇಳುತ್ತವೆ. ಇನ್ನೊಂದು ಊಹೆಯೂ ಇದೆ. ಗಾಳಿ ನೀರು ರಭಸದಿಂದ ಮೊರೆಯುವ ಸದ್ದಿಗೆ ಹಳೇ ಇಂಗ್ಲಿಷಿನಲ್ಲಿ ಒಂದು ಪದ ಇತ್ತು, ಅದನ್ನೇ ಬೇರೆ ಕಾಗುಣಿತದಲ್ಲಿ ಬರೆದಿದ್ದಾರೆ ಅಂತ. ಎರಡರಲ್ಲಿ ಯಾವುದೂ ಇತ್ಯರ್ಥ ಆಗಿಲ್ಲ.

ಭಾರತದ ದಂಡೆಯ ಅಲೆ ಇಂಗ್ಲಿಷರಿಗೆ ಯಾಕೆ ಅಷ್ಟು ದೊಡ್ಡ ಸುದ್ದಿಯಾಯಿತು? ಮದರಾಸನ್ನು ನೆನೆಸಿಕೊಳ್ಳಿ. 1639ರಲ್ಲಿ ಕಂಪನಿಯವರು ಅಲ್ಲಿ ಜಾಗ ಹಿಡಿದರು, ಕೋಟೆ ಕಟ್ಟಿದರು, ವ್ಯಾಪಾರ ಶುರು ಮಾಡಿದರು. ಎಲ್ಲ ಇತ್ತು, ಬಂದರು ಒಂದು ಇರಲಿಲ್ಲ! ನೇರ ಮರಳಿನ ದಂಡೆ. ಹಡಗು ದೂರದಲ್ಲೇ ಲಂಗರು ಹಾಕಬೇಕು. ಅಲ್ಲಿಂದ ದಂಡೆಗೆ ಬರಬೇಕಾದರೆ ಒಡೆಯುವ ಅಲೆಗಳ ಸಾಲನ್ನು ದಾಟಬೇಕು. ಇಂಗ್ಲಿಷರ ಮೊಳೆ ಹೊಡೆದ ಗಟ್ಟಿ ದೋಣಿ ಆ ಅಲೆಗೆ ಸಿಕ್ಕಿದರೆ ಚೂರು ಚೂರು. ಆಗ ಅವರ ಜೀವ ಉಳಿಸಿದ್ದು ಯಾರು? ಅಲ್ಲಿನ ಬೆಸ್ತರು. ಅವರ ದೋಣಿಗೆ ಮಸುಲಾ ಅಂತ ಹೆಸರು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಮಾಡಿದ ದೋಣಿ, ಒಂದೇ ಒಂದು ಮೊಳೆ ಇಲ್ಲ. ಅಲೆ ಬಡಿದರೆ ಬಾಗುತ್ತದೆ, ಬಳುಕುತ್ತದೆ, ಒಡೆಯುವುದಿಲ್ಲ. ಪಕ್ಕದಲ್ಲೇ ಮರದ ತೊಲೆಗಳನ್ನು ಕಟ್ಟಿದ ಕಟ್ಟುಮರದ ಮೇಲೆ ಇನ್ನೊಬ್ಬ ಬೆಸ್ತ. ಗವರ್ನರ್ ದೊರೆಯಾಗಲಿ, ಅವನ ಹೆಂಡತಿಯಾಗಲಿ, ಲಂಡನ್ನಿನಿಂದ ಬಂದ ಸಿಪಾಯಿಯಾಗಲಿ, ಮದರಾಸಿನ ನೆಲಕ್ಕೆ ಕಾಲಿಡಬೇಕಾದರೆ ಈ ಅರೆಬೆತ್ತಲೆ ಬೆಸ್ತನ ಕೈಗೆ ಜೀವ ಕೊಟ್ಟೇ ಇಳಿಯಬೇಕು. ಇದು ಒಂದೆರಡು ವರ್ಷದ ಮಾತಲ್ಲ. ಮದರಾಸಿನ ಬಂದರಿನ ಕೆಲಸ ಶುರುವಾಗಿದ್ದು 1870ರ ದಶಕದಲ್ಲಿ, ಅದನ್ನೂ 1881ರ ಚಂಡಮಾರುತ ಹಾಳು ಮಾಡಿತು. ಇನ್ನೂರು ವರ್ಷಕ್ಕೂ ಮೀರಿ ಆ ನೊರೆಸಾಲು ಇಂಗ್ಲಿಷರಿಗೆ ದಿನನಿತ್ಯದ ಭಯವಾಗಿತ್ತು. ಭಯ ಇದ್ದಲ್ಲಿ ಪದ ಬೇಕಾಗುತ್ತದೆ.

ಅವರು ಪದ ತೆಗೆದುಕೊಳ್ಳುವಾಗ ನಾಚಿಕೊಂಡರೇ? ಇಲ್ಲ. ಕಟ್ಟುಮರ ತಮಿಳಿನ ಪದ, ಇಂಗ್ಲಿಷಿನಲ್ಲಿ ಕ್ಯಾಟಮರಾನ್ ಆಯಿತು. ಆ ದೋಣಿ ಹೊಲಿದ ನಾರಿನ ಹಗ್ಗ ಮಲಯಾಳದ 'ಕಯರ್', ಇಂಗ್ಲಿಷಿನಲ್ಲಿ ಕಾಯಿರ್ ಆಯಿತು. ಸಿಕ್ಕಿದ್ದನ್ನೆಲ್ಲ ಬಾಚಿಕೊಂಡರು, ಬಾಚಿಕೊಂಡದ್ದಕ್ಕೆ ಲೆಕ್ಕವನ್ನೂ ಇಟ್ಟರು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು ಹಾಬ್ಸನ್-ಜಾಬ್ಸನ್ ಎಂಬ ವಿಚಿತ್ರ ಹೆಸರಿನ ನಿಘಂಟು ತಂದರು. ಭಾರತದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಓಡಾಡುತ್ತಿದ್ದ ಇಲ್ಲಿನ ಪದಗಳ ಲೆಕ್ಕಪುಸ್ತಕ ಅದು. ದರೋಡೆ ಮಾಡಿದವನೇ ರಶೀದಿ ಬರೆದಿಟ್ಟ ಹಾಗೆ!

ಈಗ ನಿಮ್ಮಲ್ಲಿ ಕೆಲವರ ಮನಸ್ಸು ಎಲ್ಲಿಗೆ ಓಡುತ್ತಿದೆ ಅಂತ ನನಗೆ ಗೊತ್ತು. 'ಹಾಗಾದರೆ ಸರ್ಫ್ ಕನ್ನಡದ ಪದವೇ ಯಾಕಾಗಿರಬಾರದು? ಸುಳಿ, ಸರಿ, ಸೂಸು... ಸ ಕಾರ ಇದೆಯಲ್ಲ!' ನಾಳೆ ಬೆಳಗ್ಗೆ ಇದು ವಾಟ್ಸಾಪಿನಲ್ಲಿ 'ಪ್ರತಿಯೊಬ್ಬ ಕನ್ನಡಿಗನೂ ಹಂಚಲೇಬೇಕಾದ ಸತ್ಯ' ಅಂತ ಓಡಾಡಲು ಶುರುವಾಗುತ್ತದೆ. ದಯವಿಟ್ಟು ಮಾಡಬೇಡಿ. ಕೈ ಮುಗಿದು ಕೇಳಿಕೊಳ್ಳುತ್ತೇನೆ. ಸರ್ಫ್ ಕನ್ನಡದ್ದು ಎನ್ನಲು ಒಂದು ಸಾಸಿವೆಯಷ್ಟೂ ಆಧಾರ ಇಲ್ಲ. ಸ ಕಾರ ಇದ್ದ ಮಾತ್ರಕ್ಕೆ ಸಂಬಂಧ ಹೇಳುವುದಾದರೆ ಸಾಕ್ರೆಟಿಸನೂ ನಮ್ಮ ಸೊರಬದವನೇ ಆಗಬೇಕಾಗುತ್ತದೆ. ಇಂಥ ಪೊಳ್ಳು ಜಂಬದಿಂದ ಕನ್ನಡಕ್ಕೆ ಆದ ನಷ್ಟ ಕಡಿಮೆಯೇನಲ್ಲ. ಒಂದು ಸುಳ್ಳು ಸಿಕ್ಕಿಬಿದ್ದರೆ ಆಮೇಲೆ ಹೇಳುವ ಹತ್ತು ನಿಜವನ್ನೂ ಯಾರೂ ನಂಬುವುದಿಲ್ಲ.

ನಿಜವಾಗಿ ಕನ್ನಡದ ಹೆಸರು ತಳುಕು ಹಾಕಿಕೊಂಡಿರುವ ಪದ ಬೇಕೇ? ಬ್ಯಾಂಬೂ ತೆಗೆದುಕೊಳ್ಳಿ. ಬಿದಿರಿಗೆ ಇಂಗ್ಲಿಷಿನವರು ಹೇಳುವ ಪದ. ಇದು ಕನ್ನಡದ 'ಬಂಬು' ಎಂಬುದರಿಂದ ಬಂತು ಎಂದು ವಿಲ್ಸನ್ ತನ್ನ ಪದಕೋಶದಲ್ಲಿ ಬರೆದ. ಬಿದಿರು ಉರಿಯುವಾಗ ಢಂ ಢಂ ಎಂದು ಸಿಡಿಯುವ ಸದ್ದೇ 'ಬೊಂಬು' ಆಯಿತು ಎಂಬ ಮಾತೂ ಇದೆ. ಇಲ್ಲ, ಅದು ಮಲಯ ಭಾಷೆಯದು ಎನ್ನುವವರು ಇನ್ನೊಂದು ಕಡೆ. ಬೆಂಗಳೂರಿನಲ್ಲಿ ಚಪ್ಪರ ಹಾಕುವವರನ್ನು ಕೇಳಿ, 'ಹತ್ತು ಬೊಂಬು ಬೇಕು ಸಾರ್' ಅನ್ನುತ್ತಾರೆ. ಪದ ಜೀವಂತ ಇದೆ. ವಾದವೂ ಜೀವಂತ ಇದೆ. 'ಇದು ನಮ್ಮದಿರಬಹುದು' ಅನ್ನಿ, ತಪ್ಪಿಲ್ಲ. 'ನಮ್ಮದೇ' ಎಂದು ಮೇಜು ಕುಟ್ಟಬೇಡಿ.

ಬಿಡಿ, ಸರ್ಫಿಗೆ ವಾಪಸು ಬರೋಣ. ಈ ಪದಕ್ಕೆ ಆಟದ ಅರ್ಥ ಬಂದದ್ದು ಬೇರೆ ಕಡಲಿನಿಂದ. ಆ ಕಥೆ ನಿಮಗೆ ಗೊತ್ತಿರಲೇಬೇಕು, ಯಾಕೆಂದರೆ ಅದು ಒಂದು ಭಾಷೆಯ ಕಥೆ.

ಪೆಸಿಫಿಕ್ ಸಾಗರದ ನಡುವೆ ಹವಾಯಿ ದ್ವೀಪಗಳಿವೆ. ಅಲ್ಲಿನ ಮೂಲನಿವಾಸಿಗಳು ಅಲೆಯ ಮೇಲೆ ಹಲಗೆ ಇಟ್ಟು ಜಾರುತ್ತಿದ್ದರು. ದೊರೆಯೂ ಜಾರುತ್ತಿದ್ದ, ಆಳೂ ಜಾರುತ್ತಿದ್ದ, ಹೆಣ್ಣುಮಕ್ಕಳೂ ಜಾರುತ್ತಿದ್ದರು. ಅವರ ಭಾಷೆಯಲ್ಲಿ ಅದಕ್ಕೆ 'ಹೆಎ ನಲು' ಎನ್ನುತ್ತಾರೆ. ಹೆಎ ಅಂದರೆ ಜಾರು, ನಲು ಅಂದರೆ ಅಲೆ. ಅಲೆಜಾರಾಟ! ಎಷ್ಟು ಸರಳ ನೋಡಿ. 1778ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗುಗಳು ಅಲ್ಲಿಗೆ ಹೋದವು. ಬಿಳಿಯರು ಬಾಯಿ ಬಿಟ್ಟುಕೊಂಡು ನೋಡಿದರು, ಬರೆದರು. ಹೊರಗಿನವರು ತಂದ ರೋಗಗಳಿಂದ ಅಲ್ಲಿನ ಜನ ಗುಂಪು ಗುಂಪಾಗಿ ಸತ್ತರು. 1820ರಲ್ಲಿ ಅಮೆರಿಕದಿಂದ ಮಿಷನರಿಗಳು ಬಂದರು. ಬೆತ್ತಲೆ ಮೈಯಲ್ಲಿ ಗಂಡು ಹೆಣ್ಣು ಕೂಡಿ ಆಡುವ ಆಟ ಅವರ ಕಣ್ಣಿಗೆ ಸೋಮಾರಿತನ, ಅನಾಚಾರ. ಆಟ ಸೊರಗಿತು. ಆದರೆ ಒಂದು ಮಾತು ಹೇಳಬೇಕು. ಆ ಮಿಷನರಿಗಳೇ ಹವಾಯಿ ಭಾಷೆಗೆ ಲಿಪಿ ಕೂಡಿಸಿದರು, ಅಚ್ಚಿನ ಮೊಳೆ ತಂದರು. 1834ರಿಂದ ಆ ಭಾಷೆಯಲ್ಲಿ ಪತ್ರಿಕೆಗಳು ಬಂದವು, ಜನ ಓದಿದರು, ಬರೆದರು, ಜಗಳ ಆಡಿದರು. ನಮ್ಮ ಮಂಗಳೂರಿನ ಬಾಸೆಲ್ ಮಿಷನ್, ನಮ್ಮ ಕಿಟೆಲ್ ಸಾಹೇಬರ 1894ರ ನಿಘಂಟು ನೆನಪಾಗುತ್ತದೆ ಅಲ್ಲವೇ? ಇತಿಹಾಸ ಯಾವತ್ತೂ ನಮಗೆ ಬೇಕಾದಷ್ಟು ಸಲೀಸಾಗಿ ಕಪ್ಪು ಬಿಳುಪು ಆಗಿರುವುದಿಲ್ಲ.

ಭಾಷೆಗೆ ನಿಜವಾದ ಕುತ್ತು ಬಂದದ್ದು ರಾಜಕೀಯದಿಂದ. 1893ರಲ್ಲಿ ಅಲ್ಲಿನ ರಾಣಿ ಲಿಲಿಉಒಕಲಾನಿಯನ್ನು ಕೆಳಗಿಳಿಸಿದರು. ಹಾಗೆ ಮಾಡಿದವರಲ್ಲಿ ಮುಖ್ಯರು ಸಕ್ಕರೆಯ ಧಣಿಗಳೂ ಅವರ ಕಡೆಯವರೂ. ಮೂರೇ ವರ್ಷ, 1896ರಲ್ಲಿ ಒಂದು ಕಾನೂನು ಬಂತು. ಎಲ್ಲ ಶಾಲೆಗಳಲ್ಲೂ ಕಲಿಕೆಯ ಮಾಧ್ಯಮ ಇಂಗ್ಲಿಷೇ ಆಗಿರಬೇಕು. ಮಕ್ಕಳು ಶಾಲೆಯಲ್ಲಿ ಮನೆಮಾತು ಆಡಿದರೆ ಏಟು. 1898ರಲ್ಲಿ ಅಮೆರಿಕ ದ್ವೀಪಗಳನ್ನೇ ನುಂಗಿಕೊಂಡಿತು. 1959ರಲ್ಲಿ ಹವಾಯಿ ಅಮೆರಿಕದ ಐವತ್ತನೇ ರಾಜ್ಯವಾಯಿತು (ನಮ್ಮಲ್ಲಿಗೆ ಸರ್ಫ್ ಪುಡಿ ಬಂದ ಅದೇ ವರ್ಷ, ಕಾಕತಾಳೀಯ ಅನ್ನಿ).

ಆಟದ ಗತಿ ಏನಾಯಿತು? ಆಟ ಮತ್ತೆ ಎದ್ದಿತು! ವೈಕೀಕಿ ದಂಡೆಯ ಡ್ಯೂಕ್ ಕಹನಮೋಕು ಎಂಬ ಹವಾಯಿಯ ಹುಡುಗ 1912ರ ಸ್ಟಾಕ್‌ಹೋಂ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನಲ್ಲಿ ಚಿನ್ನ ಗೆದ್ದ. ಹೋದ ಹೋದಲ್ಲೆಲ್ಲ ಈಜಿನ ಜೊತೆಗೆ ಅಲೆಜಾರಾಟವನ್ನೂ ತೋರಿಸಿದ. ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾ ಎಲ್ಲ ಹುಚ್ಚೆದ್ದು ಕಲಿತವು. ಟೋಕಿಯೋ ಒಲಿಂಪಿಕ್ಸ್ ಹೊತ್ತಿಗೆ, ಅಂದರೆ 2021ರಲ್ಲಿ, ಅದು ಒಲಿಂಪಿಕ್ ಆಟವೂ ಆಯಿತು. ಯಾವ ಹೆಸರಿನಲ್ಲಿ? ಹೆಎ ನಲು ಎಂಬ ಹೆಸರಿನಲ್ಲೇ? ಅಲ್ಲ. ಸರ್ಫಿಂಗ್ ಎಂಬ ಹೆಸರಿನಲ್ಲಿ.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಆಟ ಒಂದು ಜನದ್ದು. ಆ ಜನರ ಭಾಷೆಯಲ್ಲಿ ಆಟಕ್ಕೆ ಹೆಸರಿತ್ತು. ಭಾರತದ ದಂಡೆಯಿಂದ ಬಂದಿರಬಹುದಾದ, ಇಂಗ್ಲಿಷಿನಲ್ಲಿ ಬೆಳೆದ ಇನ್ನೊಂದು ಹೆಸರು ಅದರ ಮೇಲೆ ಕೂತಿತು. ಆಟ ಜಗತ್ತಿಗೆಲ್ಲ ಹಬ್ಬುತ್ತಿದ್ದ ಅದೇ ವರ್ಷಗಳಲ್ಲಿ ಅದನ್ನು ಹುಟ್ಟಿಸಿದ ಭಾಷೆ ಶಾಲೆಯಿಂದ ಹೊರಗೆ, ಅಡುಗೆಮನೆಗೆ, ಕೊನೆಗೆ ಮುದುಕರ ಜಗಲಿಗೆ ಸರಿಯಿತು. 1980ರ ದಶಕದ ಆರಂಭಕ್ಕೆ ಹದಿನೆಂಟು ವರ್ಷದೊಳಗಿನವರಲ್ಲಿ ಆ ಭಾಷೆ ಆಡುವವರು 50 ಮಂದಿಯೂ ಇರಲಿಲ್ಲ. ಅಷ್ಟು ಹೊತ್ತಿಗೆ ಅಲ್ಲಿನ ಯುವಕರು, ನಿಮ್ಮ ವಯಸ್ಸಿನವರು, ಎಚ್ಚೆತ್ತರು. 1978ರಲ್ಲಿ ರಾಜ್ಯದ ಸಂವಿಧಾನದಲ್ಲಿ ಹವಾಯಿ ಭಾಷೆಗೆ ಇಂಗ್ಲಿಷಿನ ಜೊತೆಗೆ ಆಡಳಿತ ಭಾಷೆಯ ಸ್ಥಾನ ಸಿಕ್ಕಿತು. 1984ರಲ್ಲಿ 'ಪೂನಾನಾ ಲಿಯೋ', ನುಡಿಗೂಡು ಎಂಬ ಹೆಸರಿನಲ್ಲಿ ಶಿಶುವಿಹಾರ ತೆರೆದರು. ಅಲ್ಲಿ ಮಕ್ಕಳ ಜೊತೆ ಆಡುವುದು ಹವಾಯಿ ಮಾತ್ರ. 1896ರ ಆ ಕಾನೂನಿನ ಕಟ್ಟು ಸಡಿಲವಾದದ್ದು 1986ರಲ್ಲಿ. ತೊಂಬತ್ತು ವರ್ಷ! ಈಗ ಅಲ್ಲಿ ಆ ಭಾಷೆಯಲ್ಲೇ ಓದಿ ಪದವಿ ಪಡೆದವರಿದ್ದಾರೆ. ಅಂದಹಾಗೆ, ನೀವು ದಿನಾ ಬಳಸುವ ವಿಕಿಪೀಡಿಯಾದ 'ವಿಕಿ' ಕೂಡ ಹವಾಯಿ ಪದವೇ. 'ವಿಕಿವಿಕಿ' ಎಂದರೆ ಬೇಗ ಬೇಗ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರು ಅದು.

ಕನ್ನಡಕ್ಕೂ ಇದೇ ಗತಿ ಬರುತ್ತದೆ ಎಂದು ನಾನು ಎದೆ ಬಡಿದುಕೊಳ್ಳುವುದಿಲ್ಲ. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯ ಜನ 4 ಕೋಟಿ 37 ಲಕ್ಷ. ಹವಾಯಿಯ ಕಷ್ಟವೇ ಬೇರೆ, ನಮ್ಮ ಕಷ್ಟವೇ ಬೇರೆ. ನಮ್ಮದು ಏನು ಗೊತ್ತೇ? ಮನೆಯಲ್ಲಿ ಇರುವುದನ್ನು ನೋಡದೆ 'ಕನ್ನಡದಲ್ಲಿ ಇದಕ್ಕೆ ಪದ ಇಲ್ಲ ಬಿಡಿ' ಎನ್ನುವ ಸೋಮಾರಿತನ.

ನೋಡೋಣ ಬನ್ನಿ, ಇದೆಯೋ ಇಲ್ಲವೋ. ಅಲೆ ಎಂದರೆ ಕಡಲಿನ ಅಲೆ. ಅದೇ 'ಅಲೆ' ಕ್ರಿಯಾಪದವಾದರೆ? ಅಲೆ, ಅಲೆದಾಡು, ಊರೂರು ಅಲೆ, ಅಲೆಮಾರಿ! ಇಂಗ್ಲಿಷಿನಲ್ಲಿ ಅಲೆಯ ಪದಕ್ಕೆ ಸುತ್ತಾಟದ ಅರ್ಥ ಬರಬೇಕಾದರೆ ಭಾರತದ ದಂಡೆಯಿಂದ ಹವಾಯಿಗೆ ಹೋಗಿ, ಅಲ್ಲಿಂದ ಅಮೆರಿಕದ ಟಿ.ವಿ. ಹೊಕ್ಕು, 1992ರ ತನಕ ಕಾಯಬೇಕಾಯಿತು. ಕನ್ನಡದಲ್ಲಿ ಅಲೆ ಎಂಬ ಒಂದೇ ಸದ್ದಿನಲ್ಲಿ ಎರಡೂ ಅರ್ಥ ಮೊದಲಿನಿಂದಲೂ ಒಟ್ಟಿಗೇ ಕೂತಿವೆ.

ಇನ್ನು ತೆರೆ. ತೆರೆ ಎಂದರೂ ಅಲೆಯೇ. ನೊರೆತೆರೆ ಅನ್ನುತ್ತೇವೆ. ತೆರೆ ಎಂದರೆ ಪರದೆಯೂ ಹೌದು. ಬೆಳ್ಳಿತೆರೆ, ಕಿರುತೆರೆ. ರಿಮೋಟ್ ಹಿಡಿದು ಕಿರುತೆರೆಯಲ್ಲಿ ಅಲೆಯುತ್ತೀರಲ್ಲ, ಆ ಚಾನೆಲ್ ಸರ್ಫಿಂಗ್‌ಗೆ ಇದಕ್ಕಿಂತ ಚೆಂದದ ಜೋಡಿ ಯಾವ ಭಾಷೆಯಲ್ಲಿ ಸಿಗುತ್ತದೆ ಹೇಳಿ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಇಂಟರ್‌ನೆಟ್ ಬಂದ ಮೇಲೆ ಕನ್ನಡ ಬರೆಯುವವರು ನೆಟ್ ಸರ್ಫಿಂಗ್‌ಗೆ 'ಜಾಲಾಡು' ಎಂದರು. ಜಾಲ ಎಂದರೆ ಬಲೆ, ನೆಟ್. ಜಾಲದಲ್ಲಿ ಆಡುವುದು ಜಾಲಾಟ. ಆದರೆ ಜಾಲಾಡು ಮೊದಲೇ ಇದ್ದ ಮಾತು. 'ಮನೆಯೆಲ್ಲ ಜಾಲಾಡಿದೆ, ಬೀಗದ ಕೈ ಸಿಗಲಿಲ್ಲ' ಅನ್ನುತ್ತೇವೆ, ಅಂದರೆ ಮೂಲೆ ಮೂಲೆ ಹುಡುಕಿದೆ ಅಂತ. ನೆಟ್ಟಿನಲ್ಲಿ ಮಾಡುವುದೂ ಅದನ್ನೇ. ಅಷ್ಟೇ ಅಲ್ಲ, ನಿಮ್ಮ ಅಜ್ಜಿ ಬಟ್ಟೆ ಒಗೆದ ಮೇಲೆ ಏನು ಮಾಡುತ್ತಾರೆ? ನೀರಿನಲ್ಲಿ ಜಾಲಾಡಿಸುತ್ತಾರೆ! ಸರ್ಫ್ ಹಾಕಿ ಒಗೆದು, ಆಮೇಲೆ ಜಾಲಾಡಿಸುವುದು. ಇಂಗ್ಲಿಷಿನ ಸರ್ಫೂ ಬಕೆಟ್ಟಿನಲ್ಲಿ, ಕನ್ನಡದ ಜಾಲಾಟವೂ ಅದೇ ಬಕೆಟ್ಟಿನಲ್ಲಿ. ಯಾವ ಸಮಿತಿಯೂ ಕೂತು ಇಷ್ಟು ಚೆನ್ನಾದ ಪದ ಮಾಡಲಾರದು. ಸಮಿತಿಗಳು ಮಾಡಿದ ಪದಗಳನ್ನು ನೋಡಿದ್ದೀರಲ್ಲ, ಉಚ್ಚರಿಸುವಷ್ಟರಲ್ಲಿ ಉಸಿರು ಹೋಗುತ್ತದೆ.

ಇಷ್ಟು ಹೊತ್ತು ನಗುತ್ತಾ ಕೇಳಿದಿರಿ. ಈಗ ನಗು ಬಾರದ ಮಾತು.

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಅದೇ ವರ್ಷ ಮೇ ತಿಂಗಳಲ್ಲಿ ಕನ್ಯಾಕುಮಾರಿ ಜಿಲ್ಲೆಯ ದಂಡೆಯಲ್ಲಿ ಐವರು ವೈದ್ಯ ವಿದ್ಯಾರ್ಥಿಗಳು ಸತ್ತರು. ನೀವು ಬೆಂಗಳೂರಿನವರು, ಮೈಸೂರಿನವರು, ಹುಬ್ಬಳ್ಳಿ ದಾವಣಗೆರೆಯವರು. ಶನಿವಾರ ರಾತ್ರಿ ಬಸ್ಸು ಹತ್ತಿ ಗೋಕರ್ಣಕ್ಕೋ ಮಲ್ಪೆಗೋ ಇಳಿಯುತ್ತೀರಿ. ಸರ್ಫ್ ಎಂಬ ಪದಕ್ಕೆ ನಾಲ್ಕು ಅರ್ಥ ನಿಮಗೆ ಗೊತ್ತು. ಕಾಲ ಕೆಳಗಿನ ಸರ್ಫ್ ಏನು ಮಾಡುತ್ತದೆ ಎಂಬುದು ಗೊತ್ತಿಲ್ಲ.

ಕೇಳಿ. ಅಲೆ ಓಡಿಬರುವಾಗ ನೀರು ಓಡಿಬರುವುದಿಲ್ಲ, ಏರಿಳಿತ ಮಾತ್ರ ಮುಂದೆ ಬರುತ್ತದೆ. ದಂಡೆಯ ಹತ್ತಿರ ಆಳ ಕಡಿಮೆಯಾದಾಗ ಅಲೆಯ ಬುಡ ನೆಲಕ್ಕೆ ತಾಗಿ ನಿಧಾನವಾಗುತ್ತದೆ, ತಲೆ ಮುಂದೆ ನುಗ್ಗುತ್ತದೆ, ಮುಗ್ಗರಿಸಿ ಒಡೆಯುತ್ತದೆ. ಆಗ ನೀರು ನಿಜವಾಗಿ ದಂಡೆಗೆ ನುಗ್ಗುತ್ತದೆ. ನುಗ್ಗಿದ ನೀರು ವಾಪಸು ಹೋಗಬೇಕಲ್ಲ? ಮರಳಿನ ನಡುವೆ ಆಳವಾದ ಸಂದು ಎಲ್ಲಿದೆಯೋ ಅಲ್ಲಿ ಒಟ್ಟಾಗಿ ಹೊಳೆಯ ಹಾಗೆ ಕಡಲಿಗೆ ಹರಿಯುತ್ತದೆ. ಆ ಸಂದಿನಲ್ಲಿ ಆಳ ಹೆಚ್ಚು, ಆದ್ದರಿಂದ ಅಲೆ ಅಲ್ಲಿ ಅಷ್ಟಾಗಿ ಒಡೆಯುವುದಿಲ್ಲ, ನೊರೆ ಕಡಿಮೆ. ಎರಡು ಬದಿಯಲ್ಲಿ ಬೆಳ್ಳಗೆ ನೊರೆ, ನಡುವೆ ಶಾಂತವಾದ ದಾರಿ. ಈಜು ಬಾರದವನು ಏನೆಂದುಕೊಳ್ಳುತ್ತಾನೆ? 'ಇಲ್ಲಿ ಅಲೆ ಕಡಿಮೆ, ಇಲ್ಲೇ ಇಳಿಯೋಣ' ಅಂದುಕೊಳ್ಳುತ್ತಾನೆ. ಅದೇ ಸಾವಿನ ದಾರಿ. ಆ ಸೆಳೆತ ಜೋರಾದಾಗ ಒಲಿಂಪಿಕ್ ಈಜುಗಾರನೂ ಎದುರು ಈಜಲಾರ. ಸಿಕ್ಕಿಕೊಂಡರೆ ದಂಡೆಯ ಕಡೆಗೆ ಒದ್ದಾಡಬೇಡಿ, ದಂಡೆಗೆ ಸಮನಾಗಿ ಅಡ್ಡಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಂಡೆಗೆ ತಿರುಗಿ. ಈಜು ಬಾರದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಿ. ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗೆ ಇಳಿಯಲೇಬೇಡಿ. ಅದನ್ನು ನಿಮ್ಮ ಸೆಲ್ಫಿಗಾಗಿ ನೆಟ್ಟಿಲ್ಲ.

ಇದಕ್ಕೂ ಪದಕ್ಕೂ ಏನು ಸಂಬಂಧ ಅಂತೀರಾ? ಕೇರಳದ ಬೆಸ್ತರನ್ನು ನೋಡಿ. ಗಾಳಿ ಇಲ್ಲ, ಮಳೆ ಇಲ್ಲ, ಆಕಾಶ ತಿಳಿಯಾಗಿದೆ, ಆದರೂ ಕಡಲು ಇದ್ದಕ್ಕಿದ್ದಂತೆ ಉಬ್ಬಿ ಮನೆಯೊಳಗೆ ನುಗ್ಗುತ್ತದೆ. ದೂರದ ದಕ್ಷಿಣದ ಸಾಗರದಲ್ಲಿ ಬಿರುಗಾಳಿ ಎಬ್ಬಿಸಿದ ಅಲೆ ಕೆಲವು ದಿನ ಓಡಿ ಬಂದು ಇಲ್ಲಿ ಬಡಿಯುವುದು ಅದು. ಆ ಬೆಸ್ತರು ಅದಕ್ಕೆ 'ಕಳ್ಳಕ್ಕಡಲ್' ಅಂದರು. ಅರ್ಥ ಹೇಳಬೇಕೇ? ಕಳ್ಳ ಕಡಲು! ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. 2012ರಲ್ಲಿ ಯುನೆಸ್ಕೋ ಈ ಪದವನ್ನು ವಿಜ್ಞಾನದ ಬಳಕೆಗೆ ಒಪ್ಪಿಕೊಂಡಿತು. ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇದೇ ಹೆಸರಿನಲ್ಲಿ ಎಚ್ಚರಿಕೆ ಹೊರಡಿಸುತ್ತದೆ. ಜಪಾನಿನ ಬೆಸ್ತರ 'ಸುನಾಮಿ', ಅಂದರೆ ಬಂದರಿನ ಅಲೆ, ಜಗತ್ತಿನ ಪದವಾದ ಹಾಗೆ ಇದೂ ಆಯಿತು. ಲುಂಗಿ ಉಟ್ಟ ಬೆಸ್ತನ ಪದ ಇಂಗ್ಲಿಷ್ ಸಂಶೋಧನಾ ಪತ್ರಿಕೆಯಲ್ಲಿ ಬೆಸ್ತನ ಹೆಸರಿನಲ್ಲೇ ಕೂತಿದೆ, ಯಾರೂ ಅದನ್ನು ಕದ್ದು ಸಫ್ ಅಂತ ಬದಲಿಸಲಿಲ್ಲ.

ನಮ್ಮ ಕರಾವಳಿ ಕಾರವಾರದಿಂದ ಉಳ್ಳಾಲದವರೆಗೆ 300 ಕಿಲೋಮೀಟರಿಗೂ ಉದ್ದ. ಮೊಗವೀರರು, ಖಾರ್ವಿಗಳು, ಹರಿಕಂತ್ರರು, ಅಂಬಿಗರು ತಲೆತಲಾಂತರದಿಂದ ಆ ಅಲೆಯನ್ನು ಓದಿದ್ದಾರೆ. ಅವರ ಮಾತು ತುಳು, ಕೊಂಕಣಿ, ಕುಂದಾಪ್ರ ಕನ್ನಡ, ಬ್ಯಾರಿ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಇದೆ, ದೊಡ್ಡ ಕೆಲಸ, ಆದರೆ ಅದು ಹೆಚ್ಚಾಗಿ ಕಾವ್ಯ ಶಾಸನಗಳ ಕಣಜ. ಉಡುಪಿಯಿಂದ ಬಂದ ಆರು ಸಂಪುಟಗಳ ತುಳು ನಿಘಂಟು ಆಡುಮಾತಿನ ಬಾಯಿಗೆ ಕಿವಿ ಕೊಟ್ಟಿತು, ಅದಕ್ಕೆ ಶರಣು. ನಾವು ಬೆಂಗಳೂರಿನಲ್ಲಿ ಕೂತು ಕನ್ನಡ ಕನ್ನಡ ಎಂದು ಕೂಗುವಾಗ ಈ ದಂಡೆಯ ಮಾತುಗಳನ್ನು 'ಅದು ತುಳು, ಇದು ಕೊಂಕಣಿ, ನಮಗೆ ಸೇರಿದ್ದಲ್ಲ' ಎಂದು ತಳ್ಳಿದರೆ, 1896ರಲ್ಲಿ ಹವಾಯಿಯಲ್ಲಿ ಕಾನೂನು ಬರೆದ ದೊರೆಗೂ ನಮಗೂ ವ್ಯತ್ಯಾಸ ಏನು? ಕೇಳಲು ಕಹಿ. ಆದರೂ ಈ ಪತ್ರಿಕೆಯವರು ಕರೆದ ಸಭೆಯಲ್ಲೇ ಇದನ್ನು ಹೇಳಬೇಕು.

ಮುಲ್ಕಿಯ ಹತ್ತಿರ ಸಸಿಹಿತ್ಲು ಅಂತ ಒಂದು ದಂಡೆ ಇದೆ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಜಾಗ. 2016ರಲ್ಲಿ ಅಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಪಂದ್ಯ ನಡೆಯಿತು, ಆಮೇಲೂ ನಡೆದಿದೆ. 2004ರ ಸುಮಾರಿಗೆ ಮುಲ್ಕಿಯ ಒಂದು ಆಶ್ರಮದ ಸ್ವಾಮಿಗಳು ಕಾವಿ ಬಟ್ಟೆ ದಂಡೆಯಲ್ಲಿಟ್ಟು ಹಲಗೆ ಹಿಡಿದು ಅಲೆಗೆ ಇಳಿದು, ಊರ ಹುಡುಗರಿಗೂ ಕಲಿಸತೊಡಗಿದರು. ಇವತ್ತು ಅಲ್ಲಿನ ಹುಡುಗರು ದೇಶದ ಪಂದ್ಯಗಳಲ್ಲಿ ಆಡುತ್ತಾರೆ. ಅವರ ಬಾಯಲ್ಲಿ ಹಲಗೆಯ ಭಾಗಕ್ಕೆಲ್ಲ ಇಂಗ್ಲಿಷ್ ಹೆಸರು, ಇರಲಿ. ಅಲೆಗೆ? ಅವರ ಅಜ್ಜ ದೋಣಿ ನೂಕುವಾಗ 'ಈಗ ಬೇಡ, ಇದು ಹೋಗಲಿ, ಅದರ ಹಿಂದಿನದರಲ್ಲಿ ನೂಕು' ಎಂದು ಹೇಳುತ್ತಿದ್ದನಲ್ಲ, ಆ ಒಂದೊಂದು ಅಲೆಗೂ ಏನೆನ್ನುತ್ತಿದ್ದ?

ನಿಮ್ಮಲ್ಲಿ ಕರಾವಳಿಯವರು ಯಾರಾದರೂ ಇದ್ದರೆ ಕೈ ಎತ್ತಿ. ಏಳೆಂಟು ಜನ ಇದ್ದೀರಿ, ಸಂತೋಷ. ಮುಂದಿನ ಸಲ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಒಡೆಯುವ ಅಲೆಗೆ ಏನು ಹೆಸರು, ಒಡೆಯದೆ ಬರುವ ಅಲೆಗೆ ಏನು ಹೆಸರು? ಒಂದರ ಹಿಂದೆ ಒಂದು ದೊಡ್ಡವು ಬಂದು ಆಮೇಲೆ ಸ್ವಲ್ಪ ಹೊತ್ತು ಕಡಲು ಸುಮ್ಮನಾಗುತ್ತದಲ್ಲ, ಆ ಸುಮ್ಮನಿರುವ ಹೊತ್ತಿಗೆ ಏನನ್ನುತ್ತಾರೆ? ಕಡಲಿಗೆ ಎಳೆದೊಯ್ಯುವ ಆ ಸೆಳೆತಕ್ಕೆ? ಯಾವ ಮಾತಿನಲ್ಲಿ ಹೇಳಿದರೋ ಅದೇ ಮಾತಿನಲ್ಲಿ, ಅವರು ಹೇಳಿದ ಹಾಗೇ, ತಿದ್ದದೆ ಬರೆದುಕೊಳ್ಳಿ. ಊರು, ಮಾತು, ಹೇಳಿದವರ ಅಂದಾಜು ವಯಸ್ಸು ಕೂಡ ಬರೆಯಿರಿ. ಅಂಚೆ ಕಾರ್ಡಾದರೂ ಸರಿ, ವಾಟ್ಸಾಪ್ ಆದರೂ ಸರಿ, ಈ ಪತ್ರಿಕೆಗೆ ಕಳಿಸಿ. ಬಂದದ್ದನ್ನೆಲ್ಲ ಅಚ್ಚು ಹಾಕುತ್ತೇವೆ ಎಂದು ಸಂಪಾದಕರು ಇಗೋ ಇಲ್ಲೇ ಕೂತು ತಲೆ ಆಡಿಸುತ್ತಿದ್ದಾರೆ.